ಭಾವನವರ ನವಶಿಲಾಯುಗ

ನಮ್ಮ ಭಾವನವರು ನರಸಿಂಹರಾಜಪುರದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು ಎಂದು ಇಡೀ ಪೇಟೆ ನಂಬಿದೆ. ಅದು ಶುದ್ಧ ತಪ್ಪು. ಭಾವನವರ ಸ್ವಂತ ಹೇಳಿಕೆಯ ಪ್ರಕಾರ ಅವರು ನಡೆಸುತ್ತಿದ್ದದ್ದು ನವಶಿಲಾಯುಗವನ್ನು! "ಕಲ್ಲಿದೆ, ಕಾಳಿದೆ, ಬೀಸೋ ಮನುಷ್ಯ ಇದಾನೆ. ಕರೆಂಟೊಂದು ಬಿಟ್ರೆ ಎಂಥ ವ್ಯತ್ಯಾಸ ಮಾರಾಯ?" ಎನ್ನುತ್ತಿದ್ದರು. ಕರೆಂಟು ಹೋದ ದಿನ ಆ ವ್ಯತ್ಯಾಸವೂ ಉಳಿಯುತ್ತಿರಲಿಲ್ಲ, ಗಿರಾಕಿಗಳೂ ಉಳಿಯುತ್ತಿರಲಿಲ್ಲ.

ಆ ಗಿರಣಿ ಈಗ ನಿಂತಿದೆ. ಭಾವನವರಿಲ್ಲ. ಅವರಿಗೆ ಎಷ್ಟು ವಯಸ್ಸಾಗಿತ್ತು ಎಂದು ಕೇಳಿದರೆ ನಾನು ಉತ್ತರಿಸಲಾರೆ. ಶಾಲೆಯ ದಾಖಲೆ ಒಂದು ವರ್ಷವನ್ನು ಹೇಳುತ್ತದೆ, ಪಡಿತರ ಚೀಟಿ ಇನ್ನೊಂದನ್ನು. ತಾಳೆಯಾಗದ ಇಸವಿಯನ್ನು ಬರೆಯುವ ಅಭ್ಯಾಸ ನನಗಿಲ್ಲ.

ಭಾವನವರ ಹುಚ್ಚಿಗೆ ನಾನೇ ಮೂಲ ಎಂಬುದು ಅಕ್ಕನ ಆರೋಪ. ನಿವೃತ್ತಿಗೆ ಮೊದಲು, ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದಾಗ, ವಿದ್ಯಾರ್ಥಿಗಳಿಗಾಗಿ ಆದಿಮ ನಾಗರಿಕತೆಗಳ ಪಾರಿಭಾಷಿಕ ಪದಗಳನ್ನು ವಿವರಿಸುವ ಕಿರುಪುಸ್ತಿಕೆಯೊಂದನ್ನು ಬರೆದಿದ್ದೆ. ಪ್ರತಿಯೊಂದು ಕಾಲಮಾನವನ್ನೂ ಎರಡೆರಡು ಆಧಾರಗಳೊಂದಿಗೆ ತಾಳೆ ನೋಡಿದ್ದೆ. ವಿದ್ಯಾರ್ಥಿಗಳು ಅದನ್ನು ಪರೀಕ್ಷೆಯ ಹಿಂದಿನ ದಿನ ಓದಿ ಮರುದಿನ ಮರೆತರು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ, ಓದಿದ್ದನ್ನು ಸಂಸಾರಕ್ಕೆ ಅನ್ವಯಿಸಿದ ಏಕೈಕ ವ್ಯಕ್ತಿ ಭಾವನವರು! ಮದುವೆ ಮನೆಯಿಂದ ಮದುವೆ ಮನೆಗೆ ಊಟಕ್ಕೆ ಅಲೆಯುತ್ತಿದ್ದ ನೆರೆಮನೆಯಾತ ಅವರ ಪಾಲಿಗೆ 'ಬೇಟೆ ಮತ್ತು ಆಹಾರ ಸಂಗ್ರಹಣೆಯ ಹಂತ'ದವನು. ಅಕ್ಕ ರೊಟ್ಟಿ ತಟ್ಟುವುದು, ತಾವು ತಿನ್ನುವುದು 'ಶ್ರಮವಿಭಜನೆ'.

"ಶ್ರಮವಿಭಜನೆ ಇಲ್ದೆ ನಾಗರಿಕತೆ ಮುಂದಕ್ಕೆ ಹೋಗಲ್ಲ ಕಣೇ," ಎಂದರೊಮ್ಮೆ.

"ಹಾಗಾದ್ರೆ ನಾಳೆಯಿಂದ ನೀವು ತಟ್ಟಿ. ನಾನು ತಿಂದು ಮುಂದಕ್ಕೆ ಹೋಗ್ತೀನಿ," ಎಂದಳು ಅಕ್ಕ.

ಇನ್ನೊಂದು ದಿನ ಅಕ್ಕನ ಕೈಯಿಂದ ಚಹಾದ ಕಪ್ಪು ಜಾರಿ ಚೂರಾಯಿತು. ಅವಳು ಪೊರಕೆ ತರುವಷ್ಟರಲ್ಲಿ ಭಾವನವರು ಎರಡೂ ಕೈ ಚಾಚಿ ಅಡ್ಡ ನಿಂತಿದ್ದರು. "ಮುಟ್ಬೇಡ! ಎಲ್ಲಿ ಬಿತ್ತೋ ಅಲ್ಲೇ ಇರ್ಲಿ. ವಸ್ತು ಇದ್ದ ಜಾಗದಿಂದ ಕದಲಿದ್ರೆ ಅದರ ಅರ್ಥ ಹೋಯ್ತು. ನಿನ್ನ ತಮ್ಮನೇ ಬರೆದಿದಾನೆ."

"ಆ ತಮ್ಮನ್ನೇ ಕರೆಸಿ. ಬಂದು ಗುಡಿಸಿ ಹೋಗ್ಲಿ."

ಸಂಜೆಯವರೆಗೆ ಆ ಚೂರುಗಳು ಅಡುಗೆಮನೆಯ ನಡುವೆ ಅರ್ಥಪೂರ್ಣವಾಗಿ ಬಿದ್ದುಕೊಂಡಿದ್ದವು. ಕೊನೆಗೆ ಅರ್ಥವು ಭಾವನವರ ಅಂಗಾಲಿಗೇ ಹೊಕ್ಕಿತು!

ಶೃಂಗೇರಿಗೆ ಹೋದಾಗಲೂ ಬಿಡುವಿರಲಿಲ್ಲ. ತುಂಗೆಯ ಮೆಟ್ಟಿಲ ಮೇಲೆ ಕುಳಿತು ಜನರೆಲ್ಲ ಮೀನುಗಳಿಗೆ ಮಂಡಕ್ಕಿ ಎಸೆಯುತ್ತಿದ್ದರು. ಇದನ್ನು ಪಳಗಿಸುವಿಕೆ ಎನ್ನಬಹುದೇ ಎಂದು ನಾನು ತೂಗಿ ನೋಡುತ್ತಿರುವಾಗಲೇ ಭಾವನವರು ತೀರ್ಪು ಕೊಟ್ಟರು: "ಪಳಗಿದ್ದು ಮೀನಲ್ಲ ಮಾರಾಯ, ನಾವು. ನೋಡು, ಎಲ್ಲೆಲ್ಲಿಂದಲೋ ಬಸ್ಸು ಹತ್ತಿ ಬಂದು ಹೊತ್ತಿಗೆ ಸರಿಯಾಗಿ ಹಾಕ್ತಾ ಇದೀವಿ!"

ಆ ಪ್ರಯಾಣದಲ್ಲೇ ಅವರ ಏದುಸಿರನ್ನು ಗಮನಿಸಿದೆ. ಮೆಟ್ಟಿಲು ಹತ್ತಿ ಬರುವಾಗ ಅವರು ಮಾತು ನಿಲ್ಲಿಸಿದ್ದರು. ಭಾವನವರು ಮಾತು ನಿಲ್ಲಿಸುವುದೆಂದರೆ ಸಾಮಾನ್ಯ ಸಂಗತಿಯೇ? ಕೊಪ್ಪದಲ್ಲಿ ಎದೆಯ ಎಕ್ಸ್‌ರೇ ತೆಗೆಸಿದೆವು. ವೈದ್ಯರು ಅದನ್ನು ಬೆಳಕಿಗೆ ಹಿಡಿದಾಗ ಭಾವನವರೂ ಬಗ್ಗಿ ನೋಡಿದರು. "ಪದರ ಸ್ಪಷ್ಟವಾಗಿ ಕಾಣ್ತದೆ ಡಾಕ್ಟ್ರೇ. ಕೆಳಗಿಂದು ಅಕ್ಕಿಹಿಟ್ಟು, ಮೇಲಿಂದು ರಾಗಿ. ಮೊದಲು ನನ್ನ ಗಿರಣೀಲಿ ಅಕ್ಕಿ ಮಾತ್ರ ಇತ್ತು." ವೈದ್ಯರು ನಕ್ಕರು. ಆಮೇಲೆ ನನ್ನೊಬ್ಬನನ್ನೇ ಒಳಗೆ ಕರೆದರು. ಆಗ ನಗಲಿಲ್ಲ.

ಗಿರಣಿ ನಿಲ್ಲಬೇಕು, ಹೆಚ್ಚು ನಡೆಯಬಾರದು ಎಂಬುದು ವೈದ್ಯರ ಆದೇಶ. ಗಿರಣಿ ನಿಲ್ಲಿಸಲು ಭಾವನವರು ಹೇಗೋ ಒಪ್ಪಿದರು. ನಡಿಗೆಯ ಮಾತು ಬಂದಾಗ, "ಬೇಸಿಗೆ ಒಂದು ಕಳೀಲಿ," ಎಂದರು. ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಹೋದಳು.

ಬೇಸಿಗೆಯ ವಿಷಯ ಹೇಳಬೇಕು. ಭಾವನವರು ಹುಟ್ಟಿದ ಊರು ಭದ್ರೆಯ ಹಿನ್ನೀರಿನ ತಳದಲ್ಲಿದೆ. ಬೇಸಿಗೆಯ ಕೊನೆಗೆ ನೀರು ಹಿಂದೆ ಸರಿದಾಗ ಮರದ ಬೊಡ್ಡೆಗಳು, ಗೋಡೆಯ ಬುಡಗಳು ಮೇಲೇಳುತ್ತವೆ. ಪ್ರತಿವರ್ಷವೂ ಆಗ ಅವರು ಗಿರಣಿಗೆ ಬೀಗ ಹಾಕಿ, ಬಿದಿರುಕೋಲು ಹಿಡಿದು, ಬಿರುಕುಬಿಟ್ಟ ಕೆಸರಿನ ಮೇಲೆ ಸಂಶೋಧನೆಗೆ ಹೊರಡುತ್ತಿದ್ದರು. ನಾನು ಅನೇಕ ಸಲ ಜೊತೆಗೆ ಹೋಗಿದ್ದೇನೆ.

"ಇದು ನಗರ ಯೋಜನೆ," ಎಂದು ಕೋಲು ತೋರಿಸುವರು. ಎರಡು ಮನೆಗಳ ನಡುವಿನ ಓಣಿ!

"ಎರಡು ಮನೆಗೆ ನಗರ ಎನ್ನಲಾಗದು ಭಾವ."

"ಇದು ಸಾರ್ವಜನಿಕ ಸ್ನಾನಗೃಹ." ಒಂದು ಬಚ್ಚಲುಕಲ್ಲು!

"ನೀರು ಬಂದದ್ದು ಯಾವ ವರ್ಷ?"

"ಗೌರಿಹಬ್ಬದ ಮುಂಚೆ."

"ಅದು ವರ್ಷವಲ್ಲ ಭಾವ."

"ಎಂಥ ಮಾಡೋದು ಮಾರಾಯ, ನಮ್ಮ ನಾಗರಿಕತೆಗೆ ಲಿಪಿ ಇರ್ಲಿಲ್ಲ!"

ಹೀಗೆ ನಗಿಸುತ್ತಾ ಹೋಗಿ, ತಮ್ಮ ಮನೆಯ ಬುಡಗೋಡೆ ದಾಟಿದ ಮೇಲೆ ಅವರು ಸುಮ್ಮನಾಗುತ್ತಿದ್ದರು. ಮುಂದೆ ತಗ್ಗು, ಎಂಥ ಬೇಸಿಗೆಯಲ್ಲೂ ನೀರು ಪೂರ್ತಿ ಬಿಡದ ಜಾಗ. ಅದರ ಅಂಚಿಗೆ ಕೋಲು ಊರಿ ಬಹಳ ಹೊತ್ತು ನಿಲ್ಲುತ್ತಿದ್ದರು. ಅಲ್ಲೇನಿತ್ತು ಎಂದು ಕೇಳಿದರೆ, "ಹಿತ್ತಿಲು," ಎನ್ನುವರು. ಅಷ್ಟೇ.

ನನ್ನ ಪುಸ್ತಿಕೆಯ ಅತ್ಯಂತ ದೀರ್ಘವಾದ ಟಿಪ್ಪಣಿ ಸಮಾಧಿಯ ಕುರಿತಾದದ್ದು. ಸತ್ತವರನ್ನು ಅಕ್ಕರೆಯಿಂದ ಹೂಳಿ, ಜೊತೆಗೆ ಕಾಳು, ಮಡಕೆ, ಮಣಿ ಇಟ್ಟ ಕಾಲದಿಂದಲೇ ಮನುಷ್ಯನ ಒಳಬಾಳು ನಮಗೆ ಕಾಣತೊಡಗುತ್ತದೆ ಎಂದು ಬರೆದಿದ್ದೆ. ಚಹಾ ಕಪ್ಪಿಗೂ ಪರಿಭಾಷೆ ಹುಡುಕುತ್ತಿದ್ದ ಭಾವನವರು ಆ ಪದವನ್ನು ಒಂದು ಸಲವೂ ಬಳಸಿರಲಿಲ್ಲ. ಅದು ನನಗೆ ಹೊಳೆದದ್ದು ಕೊಪ್ಪದಿಂದ ಬಂದ ಮೇಲೆ. ಅಕ್ಕನನ್ನು ಕೇಳಿದೆ.

"ಅತ್ತೆಯವರನ್ನ ಆ ಹಿತ್ತಲಲ್ಲೇ ಮಣ್ಣು ಮಾಡಿದ್ದು," ಎಂದಳು. "ಇವರಿನ್ನೂ ಶಾಲೆಗೆ ಸೇರಿರಲಿಲ್ಲ. ನಮ್ಮಲ್ಲಿ ಕೂರಿಸೇ ಮಣ್ಣು ಮಾಡೋದಲ್ವಾ? ನಿನ್ನ ಅವ್ವ ಅಲ್ಲಿ ಕೂತಿದಾಳೆ ಅಂತ ಯಾರೋ ಹೇಳಿದ್ರಂತೆ. ಮರುವರ್ಷ ಮನೆ ಖಾಲಿ ಮಾಡೋವಾಗ ಬಾಗಿಲು, ತೊಲೆ, ದೇವರ ಪೆಟ್ಟಿಗೆ ಎಲ್ಲ ಗಾಡಿಗೆ ಹೇರಿದ್ರು. ಅವ್ವ ಯಾವ ಗಾಡೀಲಿ ಬರ್ತಾಳೆ ಅಂತ ಇವರು ಎಲ್ಲರನ್ನೂ ಕೇಳಿದ್ರಂತೆ. ಯಾರೂ ಬಾಯಿ ಬಿಡ್ಲಿಲ್ಲ. ಆಮೇಲೆ ನೀರು ಬಂದಾಗ, ಅವಳ ಕುತ್ತಿಗೆವರೆಗೆ ಬಂತಾ ಅಂತ ಕೇಳ್ತಿದ್ರಂತೆ."

ತಾಯಿಯ ಮುಖ ಭಾವನವರಿಗೆ ನೆನಪಿರಲಿಲ್ಲ. ನೆನಪಿದ್ದದ್ದು ಅಂಗೈ ಮಾತ್ರ. ಬೀಸುವ ಕಲ್ಲಿನ ಗೂಟ ಹಿಡಿದು ಹಿಡಿದು ಬೊಬ್ಬೆಯೆದ್ದು ಗಟ್ಟಿಯಾದ ಅಂಗೈ; ಕೆನ್ನೆ ಸವರಿದರೆ ತರಿತರಿಯಾಗುತ್ತಿತ್ತಂತೆ.

ಆ ಬೇಸಿಗೆಯಲ್ಲಿ ನೀರು ಎಂದಿಗಿಂತ ಕೆಳಗಿಳಿಯಿತು. ತಗ್ಗು ಬಿಟ್ಟುಕೊಟ್ಟಿದೆ ಎಂದು ಮೀನು ಹಿಡಿಯುವವರಿಂದ ಸುದ್ದಿ ಬಂತು. ಅಕ್ಕ ಬೈದಳು, ಅತ್ತಳು, ಕೊನೆಗೆ ತಾನೇ ಆಟೋ ಕರೆಸಿ ಕೊಟ್ಟಳು. ಆಟೋ ನಿಂತಲ್ಲಿಂದ ಭಾವನವರು ನನ್ನ ಹೆಗಲು ಹಿಡಿದು ನಡೆದರು. ಓಣಿ ಬಂತು, ನಗರ ಯೋಜನೆ ಎನ್ನಲಿಲ್ಲ. ಬಚ್ಚಲುಕಲ್ಲು ಬಂತು, ಏನೂ ಎನ್ನಲಿಲ್ಲ. ನಾನೇ ಮಾತಿಗೆಳೆಯಲು, "ಸ್ನಾನಗೃಹ ಬಂತು ಭಾವ," ಎಂದೆ. ತಲೆಯಾಡಿಸಿದರು. ಉಸಿರಿರಲಿಲ್ಲ.

ಹಿತ್ತಲ ತಗ್ಗಿನಲ್ಲಿ ಕೆಸರು ಮೆತ್ತಿದ ಜಂಬಿಟ್ಟಿಗೆ ಕಲ್ಲುಗಳ ಒಂದು ಸಾಲು ಕಂಡಿತು. ಭಾವನವರು ಅದರೆದುರು ನಿಂತರು, ನನ್ನ ಕಡೆ ತಿರುಗಿದರು. ಆ ಮುಖದಲ್ಲಿ ತಮಾಷೆಯ ಲವಲೇಶವೂ ಇರಲಿಲ್ಲ.

"ಇದೇ ಹೌದಾ? ನೀ ಹೇಳು."

ಅದು ಸಮಾಧಿಯ ಕಟ್ಟೆ ಇರಬಹುದಿತ್ತು. ದನದ ಕೊಟ್ಟಿಗೆಯ ಅಂಚೂ ಇರಬಹುದಿತ್ತು. ದಿಕ್ಕು ತಾಳೆಯಾಗುತ್ತಿರಲಿಲ್ಲ, ಅಳತೆ ಪೂರ್ಣವಿರಲಿಲ್ಲ, ನೋಡಿದ್ದೇನೆಂದು ಹೇಳಬಲ್ಲವರು ಯಾರೂ ಉಳಿದಿರಲಿಲ್ಲ.

"ಹೌದು," ಎಂದೆ.

"ಆಧಾರ? ನಿಂಗೆ ಎರಡು ಬೇಕಲ್ಲ?"

"ಒಂದು ನೀವು, ಇನ್ನೊಂದು ನಾನು."

ಭಾವನವರು ನಗಲು ಹೋಗಿ ಕೆಮ್ಮಿದರು. ಕೋಲನ್ನು ನನ್ನ ಕೈಗೆ ಕೊಟ್ಟು, ಕೆಸರಿನಲ್ಲೇ ಚಕ್ಕಳಮಕ್ಕಳ ಹಾಕಿ, ಕಲ್ಲುಗಳಿಗೆ ಎದುರಾಗಿ ಕುಳಿತರು. ಅಂಗಿಯ ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದರು. ಅಕ್ಕಿಹಿಟ್ಟು. ಗಿರಣಿ ನಿಲ್ಲಿಸುವ ಮುಂಚೆ ಕೊನೆಯದಾಗಿ ಬೀಸಿದ್ದಂತೆ. ಅದನ್ನು ಕಲ್ಲಿನ ಮೇಲೆ ಸುರಿದು, ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದು ಚಿಟಿಕೆ ತೀಡಿ ತೋರಿಸಿದರು.

"ನೋಡವ್ವ, ಎಷ್ಟು ನುಣ್ಣಗಿದೆ. ಇನ್ನು ನೀ ಬೀಸೋದು ಬೇಡ."