ಯೋರಿಕೊಳನ್ನು ಸಿನಿಮಾ ಪಾರ್ಕಿಗೆ ಕರೆದೊಯ್ದದ್ದು

ಹೆಂಡತಿಯಾದವಳು ಮನೆ ಬಿಟ್ಟು ಹೋಗುತ್ತೇನೆಂದು ಹೇಳುವಾಗ ಸ್ವಲ್ಪ ಕೂಗಾಡಬೇಕು, ಪಾತ್ರೆ ಎಸೆಯಬೇಕು, ಕಡೇ ಪಕ್ಷ ಮೂಗನ್ನಾದರೂ ಒರೆಸಿಕೊಳ್ಳಬೇಕು. ನನ್ನ ಹೆಂಡತಿ ಯೋರಿಕೊ ಇದೊಂದನ್ನೂ ಮಾಡಲಿಲ್ಲ. ಜೂನ್ ತಿಂಗಳ ಮಳೆಗೆ ಒಣಗದೆ ಉಳಿದ ನನ್ನ ಕಾಲುಚೀಲಗಳನ್ನು ಫ್ಯಾನಿನ ಮುಂದೆ ಹರವುತ್ತ, ನಾಳೆ ಮೂಲಂಗಿ ತರಬೇಕು ಎನ್ನುವ ದನಿಯಲ್ಲಿ ಹೇಳಿದಳು.

"ರೀ, ನಾನು ಬೇರೆ ಮನೆ ಮಾಡೋಣ ಅಂತಿದೀನಿ. ಒಬ್ಬಳೇ."

"ಯಾಕೆ? ನಾನೇನು ಮಾಡಿದೆ?"

"ಏನೂ ಮಾಡಿಲ್ಲ. ರಿಟೈರ್ ಆದಾಗಿನಿಂದ ಮನೇಲೇ ಇದೀರಲ್ಲ, ಅಷ್ಟೇ."

ವಿಚ್ಛೇದನವೇನಲ್ಲವಂತೆ. ಗಂಡ ಹೆಂಡಿರಾಗಿಯೇ ಉಳಿದು ಬೇರೆ ಬೇರೆ ಸೂರಿನಡಿ ಇರುವುದಂತೆ. ನಮ್ಮಲ್ಲಿ ಈಗ ಇದಕ್ಕೆ 'ಮದುವೆಯಿಂದ ತೇರ್ಗಡೆಯಾಗುವುದು' ಎಂದು ಹೆಸರಿಟ್ಟಿದ್ದಾರೆ. ಅವಳು ತೇರ್ಗಡೆಯಾಗಿ ಹೋದರೆ ಅದೇ ತರಗತಿಯಲ್ಲಿ ಕೂತುಳಿದವನಿಗೆ ಏನನ್ನುತ್ತಾರೆಂದು ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. (ಸೈಕಲ್ ಬಿಡಿಭಾಗಗಳ ಕಂಪನಿಯ ಮಾರಾಟ ವಿಭಾಗದಲ್ಲಿ ಉಪಮುಖ್ಯಸ್ಥನಾಗಿ ನಿವೃತ್ತನಾದ ಈ ಕುವಬಾರಾ ತೊಕುಜಿಯನ್ನು ನಪಾಸು ಎನ್ನುವ ಎದೆಗಾರಿಕೆ ಸಕಾಯಿ ಊರಿನಲ್ಲೇ ಯಾರಿಗೂ ಇರಲಿಲ್ಲ, ಮನೆಯೊಳಗೆ ಬಿಟ್ಟರೆ.)

ನಗೋಯಾದಲ್ಲಿರುವ ಮಗಳು ಕಝುಹಾಗೆ ಫೋನ್ ಮಾಡಿ ದೂರು ಕೊಟ್ಟೆ.

"ಅಪ್ಪ, ನೀನು ದಿನಾ ಬೆಳಗ್ಗೆ ತಿಂಡಿ ತಟ್ಟೆ ಎತ್ತೋ ಮುಂಚೇನೇ 'ಮಧ್ಯಾಹ್ನಕ್ಕೇನು' ಅಂತ ಕೇಳ್ತೀಯಂತೆ," ಎಂದಳು.

"ಕೇಳಬಾರದಾ? ಆಸಕ್ತಿ ತೋರಿಸಿದೆ."

"ಅಮ್ಮನ್ನ ಎಲ್ಲಾದ್ರೂ ಕರ್ಕೊಂಡು ಹೋಗು. ಅವಳ ಬೆನ್ನು ಬೀಳದೇ ನಿನ್ನ ಕೆಲಸ ನೀನೇ ಮಾಡ್ಕೊಳ್ಳೋದನ್ನ ಕಲಿ. ಆಮೇಲೆ ನೋಡೋಣ."

ಎರಡು ಔಷಧಿಯನ್ನೂ ಒಂದೇ ಲೋಟದಲ್ಲಿ ಕಲಸಿ ಕುಡಿಸುವ ಉಪಾಯ ನನಗೆ ಆ ಕ್ಷಣವೇ ಹೊಳೆಯಿತು. ಒಸಾಕಾದ ಕಡಲ ಕಡೆ ಸಿನಿಮಾ ಪಾರ್ಕೊಂದಿದೆ. ಅಲ್ಲಿ ದೈತ್ಯ ಏಡಿಯ ಬಂದರು ಎಂಬ ದೋಣಿಯಾಟವಿದೆ. ಹಡಗು ಮುರಿದು ತಿನ್ನುವ ಆ ಏಡಿಯ ಸಿನಿಮಾ ಟಿವಿಯಲ್ಲಿ ಬಂದಾಗಲೆಲ್ಲ ಯೋರಿಕೊ ಇಸ್ತ್ರಿ ಪೆಟ್ಟಿಗೆಯ ಸ್ವಿಚ್ ಆರಿಸಿ ಕೂರುತ್ತಾಳೆ. ಪ್ರತಿ ಸಲವೂ ಅವಳು ಏಡಿಯ ಪಕ್ಷ. ಅವಳನ್ನು ಅಲ್ಲಿಗೆ ಕರೆದೊಯ್ಯುವುದು. ಟಿಕೆಟ್ಟಿನಿಂದ ಹಿಡಿದು ಬುತ್ತಿಯವರೆಗೆ ಸಕಲವನ್ನೂ ನಾನೇ ಮಾಡುವುದು. ಇಂಥ ಗಂಡನನ್ನು ಬಿಟ್ಟು ಹೋಗುವುದುಂಟೇ ಎಂದು ಅವಳು ಮನಸ್ಸು ಬದಲಿಸುವುದು. ಯೋಜನೆಯಲ್ಲಿ ಎಲ್ಲೂ ಓಟೆ ಕಾಣಲಿಲ್ಲ.

ಹೊರಟ ದಿನ ಮಳೆ ಹಿಡಿದುಕೊಂಡಿತ್ತು. ಸುರಿದು ಮುಗಿಸುವ ಮಳೆಯಲ್ಲ, ಸಾವಿನ ಮನೆಯಲ್ಲಿ ಮಾತಾಡುವವರಂತೆ ತಗ್ಗಿದ ದನಿಯಲ್ಲಿ ದಿನವಿಡೀ ನಡೆಯುವ ಮಳೆ. ನಾನು ನಸುಕಿನಲ್ಲೇ ಎದ್ದು ಅನ್ನ ಮಾಡಿ, ಉಪ್ಪಿನಕಾಯಿ ಹಾಕಿದ ಉಮೆ ಹಣ್ಣನ್ನು ಒಳಗಿಟ್ಟು, ಅನ್ನದ ಉಂಡೆ ಕಟ್ಟಿದ್ದೆ. ಪಾಕಶಾಸ್ತ್ರದಲ್ಲಿ ಅದು ನನ್ನ ಚೊಚ್ಚಲ ಕೃತಿ. ಪಾರ್ಕಿನ ಬಾಗಿಲಲ್ಲಿ ಚೀಲ ತಪಾಸಣೆ ಮಾಡುವ ಹುಡುಗಿ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು.

"ಕ್ಷಮಿಸಿ ಸರ್, ಹೊರಗಿನ ಊಟ ಒಳಗೆ ಬಿಡೋ ಹಾಗಿಲ್ಲ. ಇಲ್ಲೇ ತಿಂದು ಬರಬಹುದು."

ಹೀಗಾಗಿ ನಮ್ಮ ವಿಹಾರ ಭೋಜನ ಗೇಟಿನ ಹೊರಗೆ, ಪ್ಲಾಸ್ಟಿಕ್ ಮಳೆಕೋಟಿನೊಳಗೆ, ಕಸದ ಡಬ್ಬಿಯ ಪಕ್ಕ ನಿಂತು ನಡೆಯಿತು. ಯೋರಿಕೊ ಒಂದು ತುತ್ತು ಕಚ್ಚಿ ಬಹಳ ಹೊತ್ತು ಅಗಿದಳು.

"ನೀವೇ ಮಾಡಿದ್ದಾ?"

"ಮತ್ತಿನ್ಯಾರು?"

"ಉಪ್ಪು ಸರಿಯಾಗಿದೆ," ಎಂದಳು. ಮತ್ತೊಂದು ತುತ್ತು ಕಚ್ಚಿ, "ಅನ್ನಾನೂ ಹದವಾಗಿ ಬೆಂದಿದೆ," ಎಂದು ಸೇರಿಸಿದಳು.

ನನ್ನ ಎದೆ ಹಿಗ್ಗಿತು. ಇಷ್ಟು ವರ್ಷದ ಸಂಸಾರದಲ್ಲಿ ನಾನು ಅವಳ ಅಡುಗೆಯ ಬಗ್ಗೆ ಇಷ್ಟು ಉದ್ದ ಮಾತಾಡಿದ್ದು ನೆನಪಿಲ್ಲ.

ಒಳಗೆ ಹೋದ ಮೇಲೆ ಮೊಬೈಲ್ ತೆಗೆದು, ಮಗಳು ಹೇಳಿಕೊಟ್ಟಂತೆ ಟಕಟಕ ಒತ್ತಿ ಏಡಿಯ ಬಂದರಿನ ದಾರಿ ಹುಡುಕಿದೆ. ಯೋರಿಕೊ ನನ್ನ ಬೆರಳನ್ನೇ ನೋಡುತ್ತಿದ್ದಳು.

"ಇದನ್ನೆಲ್ಲ ಯಾವಾಗ ಕಲಿತ್ರಿ?"

"ಇದೇನು ಮಹಾ. ಬ್ಯಾಂಕಿನ ಕೆಲಸ, ಆಸ್ಪತ್ರೆಗೆ ಹೆಸರು ಬರೆಸೋದು, ಎಲ್ಲಾ ಇದರಲ್ಲೇ ಮಾಡ್ತೀನಿ ಈಗ."

"ಹೌದಾ," ಎಂದಳು. ಅವಳ ಮುಖದಿಂದ ಏನೋ ಭಾರ ಇಳಿದಂತೆ ಕಂಡಿತು. ಅದು ಮೆಚ್ಚುಗೆಯೆಂದು ನಾನು ಅರ್ಥ ಮಾಡಿಕೊಂಡೆ.

ಅಂಗಡಿಯೊಂದರಲ್ಲಿ ಏಡಿಯ ಕಣ್ಣುಗಳಿರುವ ತಲೆಪಟ್ಟಿ ಮಾರುತ್ತಿದ್ದರು. ಜೋಡಿಯಾಗಿ ಬಂದವರೆಲ್ಲ ಜೋಡಿಯಾಗಿಯೇ ಹಾಕಿಕೊಂಡಿದ್ದರು. ನಾನೂ ಎರಡು ಕೊಂಡೆ. ಯೋರಿಕೊ ಕೂದಲು ಕೆಡುತ್ತದೆಂದು ಅವಳದನ್ನು ಚೀಲದೊಳಗೆ ಹಾಕಿಕೊಂಡಳು. ಹಾಗಾಗಿ ಆ ದಿನವೆಲ್ಲ ಸ್ಪ್ರಿಂಗಿನ ಮೇಲೆ ಕುಣಿಯುವ ಎರಡು ಕಣ್ಣುಗಳನ್ನು ಹೊತ್ತು ನಾನೊಬ್ಬನೇ ತಿರುಗಿದೆ. ಒಟ್ಟು ನಾಲ್ಕು ಕಣ್ಣಿದ್ದೂ ಮುಂದೆ ಬರುವುದು ನನಗೆ ಕಾಣಲಿಲ್ಲ.

ಏಡಿಯ ಬಂದರಿನ ಮುಂದೆ ಸಾಲು ಹಾವಿನಂತೆ ಸುತ್ತಿ ಸುತ್ತಿ ಮಲಗಿತ್ತು. ಬಾಗಿಲಲ್ಲಿದ್ದ ಹುಡುಗಿ ಬಾಗಿ ವಂದಿಸಿದಳು.

"ಒಟ್ಟಿಗೆ ಕೂರಬೇಕು ಅನ್ನೋರು ಈ ಕಡೆ, ತುಂಬ ಹೊತ್ತಾಗುತ್ತೆ. ಬೇರೆ ಬೇರೆ ಕೂತರೂ ಪರವಾಗಿಲ್ಲ ಅನ್ನೋರು ಆ ಕಡೆ, ಬೇಗ ಹತ್ತಿಸ್ತೀವಿ."

ಯೋರಿಕೊ ಎರಡೂ ಸಾಲನ್ನು ನೋಡಿ ನನ್ನ ಕಡೆ ತಿರುಗಿದಳು.

"ಬೇರೆ ಬೇರೆ ಹೋಗೋಣ ಅಲ್ವಾ?"

ಜೊತೆಯಾಗಿ ಕೂರಲಿಕ್ಕೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು ಎಂದು ನಾಲಿಗೆಯ ತುದಿಗೆ ಬಂತು. ಆದರೆ 'ಬೆನ್ನು ಬೀಳದೇ' ಎಂದು ಮಗಳು ಹೇಳಿದ್ದಳಲ್ಲ. "ಧಾರಾಳವಾಗಿ. ನನಗೇನು ಭಯವೇ," ಎಂದೆ.

ಅವಳಿಗೆ ದೋಣಿಯ ಮುಂದಿನ ಸಾಲಿನಲ್ಲಿ, ಕಾಲೇಜು ಹುಡುಗಿಯರಿಬ್ಬರ ನಡುವೆ ಜಾಗ ಸಿಕ್ಕಿತು. ನನ್ನನ್ನು ಹಿಂದಿನ ಸಾಲಿನಲ್ಲಿ, ಹಿಮೆಜಿಯಿಂದ ಬಂದಿದ್ದ ದಪ್ಪನೆಯ ಯಜಮಾನರೊಬ್ಬರ ಪಕ್ಕ ತುರುಕಿದರು. ದೋಣಿ ಕತ್ತಲೆಗೆ ಹೊಕ್ಕಿತು. ಗುಡುಗು, ಹೊಗೆ, ಮುಖಕ್ಕೆ ನೀರು. ಆಮೇಲೆ ನಮ್ಮ ಮನೆಯಷ್ಟು ಅಗಲದ, ಏಡಿಯ ಇಕ್ಕಳದಂಥ ಕೊಂಡಿಯೊಂದು ಮೇಲಿನಿಂದ ಇಳಿದು ದೋಣಿಯ ಮೂತಿಯನ್ನು ಕಚ್ಚಿ ಎತ್ತಿತು. "ಯೋರಿಕೊ, ತಲೆ ತಗ್ಗಿಸು," ಎಂದು ನಾನು ಅರಚಿದೆ. ಮುಂದಿನ ಸಾಲಿನಿಂದ ಅವಳ ದನಿ ಕೇಳಿತು. ಅವಳು ಏಡಿಗೆ ಹುರುಪು ತುಂಬುತ್ತಿದ್ದಳು.

ಹೊರಗೆ ಬಂದಾಗ, ಕತ್ತಲಲ್ಲಿ ಕದ್ದು ತೆಗೆದ ನಮ್ಮ ಫೋಟೋಗಳನ್ನು ಗೋಡೆಯ ಮೇಲೆ ತೋರಿಸುತ್ತಿದ್ದರು. ಹಿಂದಿನ ಸಾಲಿನಲ್ಲಿ ನಾನು ಕಣ್ಣು ಮುಚ್ಚಿ (ನನ್ನವೆರಡು, ಏಡಿಯವು ತೆರೆದೇ ಇದ್ದವು) ಹಿಮೆಜಿಯವರ ತೋಳನ್ನು ಹೊಸ ಮದುವಣಗಿತ್ತಿಯಂತೆ ಅಪ್ಪಿಕೊಂಡಿದ್ದೆ. ಮುಂದಿನ ಸಾಲಿನಲ್ಲಿ ಯೋರಿಕೊ ಎರಡೂ ಕೈ ಎತ್ತಿ, ಬಾಯಿ ಪೂರ್ತಿ ತೆರೆದು ನಗುತ್ತಿದ್ದಳು. ಅವಳ ದವಡೆಯ ಹಲ್ಲಿಗೆ ಬೆಳ್ಳಿ ಬಣ್ಣದ ಸಿಮೆಂಟು ತುಂಬಿಸಿದ್ದಾರೆಂದು ನನಗೆ ಅವತ್ತೇ ಗೊತ್ತಾದದ್ದು. ನಾನು ಆ ಫೋಟೋದ ಮುಂದೆ ತುಸು ಹೆಚ್ಚೇ ಹೊತ್ತು ನಿಂತೆ. ಮನೆಯಲ್ಲಿ ಹಾಗೆ ನಕ್ಕದ್ದನ್ನು ಯಾವಾಗ ನೋಡಿದ್ದೆನೆಂದು ಎಷ್ಟು ತಡಕಿದರೂ ಸಿಗಲಿಲ್ಲ.

"ಚೆನ್ನಾಗಿತ್ತು," ಎಂದಳು ಯೋರಿಕೊ, ಮುಖದ ನೀರು ಒರೆಸಿಕೊಳ್ಳುತ್ತ. "ಸ್ವಲ್ಪ ಹೊತ್ತು ಹೀಗೇ ಬೇರೆ ಬೇರೆ ಸುತ್ತೋಣ್ವಾ? ನಾಲ್ಕಕ್ಕೆ ಗೇಟ್ ಹತ್ರ ಸಿಗೋಣ."

ಅವಳು ಹೋದಳು. ನನಗೆ ಎಲ್ಲಿಗೆ ಹೋಗಬೇಕೋ ತಿಳಿಯಲಿಲ್ಲ. ಸಾಲಿನಲ್ಲಿ ನಿಲ್ಲಲು ಹೋದರೆ "ಎಷ್ಟು ಜನ?" ಎಂದು ಕೇಳುತ್ತಾರೆ, ಬೆರಳೊಂದನ್ನು ಎತ್ತಿ ತೋರಿಸಲು ಕೈ ಬರುವುದಿಲ್ಲ. ಸಿನಿಮಾ ಸೆಟ್ಟಿನಂಥ ರಟ್ಟಿನ ಪೇಟೆಯೊಂದರ ಸೂರಿನಡಿ ಬೆಂಚು ಸಿಕ್ಕಿತು. ಮಳೆಯಿಂದಾಗಿ ಮೆರವಣಿಗೆ ರದ್ದಾಗಿದೆ ಎಂದು ಧ್ವನಿವರ್ಧಕ ಲವಲವಿಕೆಯಿಂದ ಸಾರುತ್ತಿತ್ತು. ಎದುರಿಗಿದ್ದ ಬೇಕರಿಯ ಬಾಗಿಲು ಬರೀ ಬಣ್ಣ, ಒಳಗೆ ಏನೂ ಇಲ್ಲ. ಪಾಪ್‌ಕಾರ್ನ್ ಕೊಂಡು ಒಂದೊಂದೇ ಕಾಳು ತಿನ್ನುತ್ತ, ಇನ್ನು ಮುಂದೆ ದಿನಗಳು ಹೀಗೇ ಇರುತ್ತವೋ ಏನೋ ಎಂದುಕೊಂಡು ಕೂತೆ. ತಲೆಯ ಮೇಲಿನ ಏಡಿಯ ಕಣ್ಣುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಯಾರಾದರೂ ನೋಡಿದ್ದರೆ ಅವೇ ಅಳುತ್ತಿವೆ ಎಂದುಕೊಳ್ಳುತ್ತಿದ್ದರು. ನನಗೂ ಅದೇ ಅನುಕೂಲವಾಗಿತ್ತು.

ಗೇಟಿನ ಹತ್ತಿರ ಯೋರಿಕೊ ಕೇಳಿದಳು. "ಒಬ್ಬರೇ ಇದ್ದು ಬೇಜಾರಾಯ್ತೇನೋ?"

ಈಗ ಸೋತರೆ ದಿನವೆಲ್ಲ ಪಟ್ಟ ಪಾಡು ನೀರುಪಾಲಾಗುತ್ತದೆ ಎಂದು ಬಗೆದು, "ಬೇಜಾರಾ? ಮಜವಾಗಿತ್ತು. ಹೊತ್ತು ಹೋದದ್ದೇ ಗೊತ್ತಾಗಲಿಲ್ಲ," ಎಂದೆ.

ಅವಳು ನನ್ನನ್ನೇ ನೋಡಿದಳು. ಆಮೇಲೆ ತಲೆಯಾಡಿಸಿದಳು.

ನಾಂಬಾದಲ್ಲಿ ರೈಲು ಬದಲಿಸಿ ಇಬ್ಬರಿಗೂ ಜಾಗ ಸಿಕ್ಕಿದ ಮೇಲೆ ಬಾಯಿ ಬಿಟ್ಟಳು.

"ರೀ, ನಾನು ಒಂದು ಮನೆ ನೋಡಿಟ್ಟಿದ್ದೆ. ಒಪ್ಪಿಗೆ ಹೇಳೋಕೆ ಧೈರ್ಯ ಬಂದಿರಲಿಲ್ಲ. ನೀವು ಹೇಗಿರ್ತೀರೋ, ಏನು ತಿಂತೀರೋ ಅಂತಾನೇ ಚಿಂತೆ ಆಗಿತ್ತು. ಇವತ್ತು ನೋಡಿದ ಮೇಲೆ ಆ ಚಿಂತೆ ಹೋಯ್ತು."

ರೈಲು ಸೇತುವೆಯ ಮೇಲೆ ಹೋಗುತ್ತಿತ್ತು. ನದಿಗೆ ಮಳೆ ಬೀಳುತ್ತಿತ್ತು.

"ನನಗೆ ಬಟ್ಟೆ ಒಗೆಯೋಕೆ ಬರಲ್ಲ," ಎಂದೆ.

"ಮೊನ್ನೆ ಒಗೆದ್ರಲ್ಲ."

"ಅಂಗಿಗಳೆಲ್ಲ ಗುಲಾಬಿ ಬಣ್ಣ ಆದ್ವು."

"ಎರಡು ಸಲ ಆದ್ರೆ ಕಲೀತೀರಿ. ಅನ್ನದ ಉಂಡೆ ಒಂದೇ ಸಲಕ್ಕೆ ಬಂತಲ್ಲ." ಹೀಗೆಂದು ಅವಳು ಆಕಳಿಸಿದಳು. ಸುತ್ತಾಡಿ ದಣಿದಿದ್ದಳು. ತುಸು ಹೊತ್ತಿಗೆ ಅವಳ ತಲೆ ನನ್ನ ಹೆಗಲಿಗೆ ಒರಗಿತು.

ನಾವು ಇಳಿಯಬೇಕಾದ ಸಕಾಯಿ ಬಂತು. ಬಾಗಿಲು ತೆರೆಯಿತು. ಎಬ್ಬಿಸಿದರೆ ಹೆಗಲ ಮೇಲಿನ ತಲೆ ಎದ್ದುಬಿಡುತ್ತದೆ. ನಾನು ಉಸಿರು ಬಿಗಿಹಿಡಿದು ಕೂತೆ. ಬಾಗಿಲು ಮುಚ್ಚಿತು. ಆಮೇಲಿನ ನಿಲ್ದಾಣಗಳಲ್ಲೂ ಹಾಗೆಯೇ ಕೂತೆ. ಒದ್ದೆ ಮನೆಗಳು, ಒದ್ದೆ ಈರುಳ್ಳಿ ಹೊಲಗಳು ಹಿಂದೆ ಹೋದವು. ಕಡೆಗೆ ಹಗುರಜಾಕಿಯಲ್ಲಿ, ರೈಲು ಇನ್ನು ಮುಂದೆ ಹೋಗುವುದಿಲ್ಲವೆಂದು ಹೇಳಿ ಎಲ್ಲರನ್ನೂ ಇಳಿಸಿದರು.

ಯೋರಿಕೊ ಪ್ಲಾಟ್‌ಫಾರ್ಮಿನಲ್ಲಿ ಕಣ್ಣುಜ್ಜಿಕೊಂಡು ಬೋರ್ಡು ಓದಿದಳು.

"ಇಷ್ಟು ದೂರ ಬಂದ್ವಾ? ಇಳಿಯೋ ಜಾಗಾನೂ ನೋಡ್ಕೊಳ್ಳೋಕೆ ಆಗಲ್ವಾ ನಿಮ್ಗೆ?"

ನನ್ನೊಳಗೆ ಆಸೆಯೊಂದು ಚಿಗುರಿತು. "ಆಗಲ್ಲ," ಎಂದೆ ಸಂತೋಷದಿಂದ. "ನೋಡು, ನನ್ನನ್ನ ಒಬ್ಬನೇ ಬಿಟ್ರೆ ಹೀಗೇ ಆಗೋದು."

ಆದರೆ ಅವಳು ನನ್ನ ಮಾತು ಕೇಳುತ್ತಿರಲಿಲ್ಲ. ನಿಲ್ದಾಣದಾಚೆಯ ಬೀದಿಯ ಕಡೆ ಕತ್ತು ಚಾಚಿದ್ದಳು.

"ಒಳ್ಳೇದೇ ಆಯ್ತು ಬಿಡಿ. ಆ ಮನೆ ಇಲ್ಲೇ. ಕಡಲಿಗೆ ಹತ್ರ ಅಂತ ನೋಡಿದ್ದೆ. ಹೇಗೂ ಬಂದಿದ್ದೀವಿ, ಮನೆ ಒಡತಿಗೆ ಒಪ್ಪಿಗೆ ಹೇಳೇ ಹೋಗೋಣ."

ಒಡತಿ ಮಹಡಿ ಮನೆಯ ಬಾಗಿಲು ತೆಗೆದುಕೊಟ್ಟು, ಚಹಾ ತರುತ್ತೇನೆಂದು ಕೆಳಗೆ ಹೋದರು. ಎರಡು ಸಣ್ಣ ಕೋಣೆ, ಹೊಸ ಚಾಪೆಯ ವಾಸನೆ. ಕಿಟಕಿಯಾಚೆ ಎರಡು ಗೋದಾಮುಗಳ ಸಂದಿಯಲ್ಲಿ ಬೂದಿ ಬಣ್ಣದ ಕಡಲು ಅಂಗೈಯಗಲ ಕಾಣುತ್ತಿತ್ತು. ಬೈಯಲು ಏನಾದರೂ ಸಿಗುತ್ತದೆಯೇ ಎಂದು ಮೂಲೆ ಮೂಲೆ ನೋಡಿದೆ. ನಲ್ಲಿ ಕೂಡ ಸೋರುತ್ತಿರಲಿಲ್ಲ.

"ಇಬ್ಬರಿಗೆ ಸಾಕಾಗುತ್ತೆ," ಎಂದೆ, ಕಡಲಿಗೆ ಹೇಳಿದಂತೆ.

"ಸಾಕಾಗುತ್ತೆ," ಎಂದಳು ಯೋರಿಕೊ. "ಒಬ್ಬಳಿಗಾದ್ರೆ ಇನ್ನೂ ಚೆನ್ನಾಗಿ ಸಾಕಾಗುತ್ತೆ." ಆಮೇಲೆ ನನ್ನ ಒದ್ದೆ ತೋಳನ್ನು ಒಮ್ಮೆ ತಟ್ಟಿ, ದನಿ ತಗ್ಗಿಸಿದಳು. "ಭಾನುವಾರ ಭಾನುವಾರ ಬನ್ನಿ. ಬರೋ ಮುಂಚೆ ಒಂದು ಫೋನ್ ಮಾಡಿ. ಹಾಂ, ನೀವು ಉದ್ದ ಇದೀರಲ್ಲ, ಈ ಕಿಟಕಿಗೆ ಪರದೆ ಎಷ್ಟು ಬೇಕು ಅಂತ ಸ್ವಲ್ಪ ಅಳೆದುಕೊಡಿ."

ನಾನು ತುದಿಗಾಲಲ್ಲಿ ನಿಂತು, ಮೇಲಿನ ಮೂಲೆಯಿಂದ ಗೇಣು ಹಾಕತೊಡಗಿದೆ.