ಜೋಳದ ಪೀಪಾಯಿಯಲ್ಲಿ ಲ್ಯಾಪ್‌ಟಾಪ್

ನನ್ನ ಸೋದರತ್ತೆಯ ಕೈಗೆ ಕೊಟ್ಟ ವಸ್ತು ಎಂದೂ ಕೆಡುವುದಿಲ್ಲ. ಆದರೆ ವಾಪಸು ಬಂದಾಗ ಅದು ನಿಮ್ಮದೇ ಎಂದು ಗುರುತಿಸಿದಿರಾದರೆ ನಿಮಗೊಂದು ದೊಡ್ಡ ನಮಸ್ಕಾರ! ಮರಾಠಿ ಸೀಮೆಯ ಕಾತ್ರಜದ ಅವರ ಮನೆಯಲ್ಲಿ ನನ್ನ ಚರ್ಮದ ಚಪ್ಪಲಿ ಒಂದು ಮಳೆಗಾಲ ಕಳೆದಿದ್ದವು. ಬೂಸು ಹಿಡಿಯಬಾರದೆಂದು ಅವಕ್ಕೆ ಎಷ್ಟು ಎಣ್ಣೆ ಕುಡಿಸಿದ್ದರೆಂದರೆ, ಮೆಟ್ಟಿಕೊಂಡು ಸುಮ್ಮನೆ ನಿಂತರೂ ನಾನು ಮುಂದೆ ಮುಂದೆ ಹೋಗುತ್ತಿದ್ದೆ.

ಇಂಥವರಿಗೆ ಲ್ಯಾಪ್‌ಟಾಪ್ ಯಾಕೆ ಕೊಟ್ಟೆ ಎನ್ನುತ್ತೀರಾ? ಕಚೇರಿಯವರು ನನ್ನನ್ನು ಐದು ತಿಂಗಳು ಅಸ್ಸಾಮಿಗೆ, ಸೇತುವೆ ಕೆಲಸಕ್ಕೆ ಕಳಿಸಿದ್ದರು. ಬಾಡಿಗೆ ಕೋಣೆ ಬಿಟ್ಟಾಗಿತ್ತು. ಆ ಲ್ಯಾಪ್‌ಟಾಪಿನಲ್ಲಿ ತೀರಿಹೋದ ಅಪ್ಪನ ಧ್ವನಿ ಇತ್ತು: ಕೊನೆಯ ವರ್ಷ ಅವರು ಹೇಳಿದ ಬಾಲ್ಯದ ಕತೆಗಳು. ಬೇರೆ ನಕಲು ಇರಲಿಲ್ಲ. ನದಿದಂಡೆಯ ಡೇರೆಗೆ ಅದನ್ನು ಒಯ್ಯುವ ಧೈರ್ಯ ಬರಲಿಲ್ಲ. ಇದೆಲ್ಲ ಹೇಳಿ, ಅತ್ತೆಗೆ ಬಿಡಿಸಿ ತಿಳಿಸಿದೆ: ಚೀಲದಲ್ಲೇ ಇರಲಿ, ಒಣ ಜಾಗದಲ್ಲಿ, ಮೇಲೆ ಭಾರ ಬೇಡ, ಮುಟ್ಟುವುದೇ ಬೇಡ.

"ಸಣ್ಣ ಹುಡುಗಿಗೆ ಹೇಳಿದಂಗ ಹೇಳ್ತೀಯಲ್ಲೋ ತಮ್ಮಾ! ವರ್ಷಾನುಗಟ್ಲೆ ಜೋಳ ಕಾಯ್ತೀನಿ, ಒಂದರೆ ಹುಳಾ ಕಂಡೀಯೇನು?"

ನಾನು ಆಗಲೇ ಎಚ್ಚರವಾಗಬೇಕಿತ್ತು!

ಮರಳಿ ಬಂದು ಕೇಳಿದಾಗ ಅತ್ತೆ ಜೋಳದ ಪೀಪಾಯಿಯ ಮುಚ್ಚಳ ತೆಗೆದರು. ಮೊಳಕೈವರೆಗೆ ಕೈ ಇಳಿಸಿದರು. ಮೊದಲು ಬೇವಿನ ಸೊಪ್ಪು ಬಂತು, ಆಮೇಲೆ ಬೂದಿ, ಕೊನೆಗೆ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿದ ನನ್ನ ಲ್ಯಾಪ್‌ಟಾಪ್. ಮೈಯೆಲ್ಲ ಮಿರಮಿರ ಮಿಂಚುತ್ತಿತ್ತು. ಹಿಡಿದರೆ ಜಾರಿತು.

"ಅತ್ಯಾ, ಇದಕ್ಕ ಎಣ್ಣಿ ಹಚ್ಚೀರೇನ್ರಿ?"

"ಔಡಲೆಣ್ಣಿ. ತೊಗರಿಬ್ಯಾಳಿಗೆ ಹಚ್ಚೂದಿಲ್ಲೇನು?"

"ಇದೇನು ಬ್ಯಾಳಿ ಏನ್ರಿ?"

"ಬ್ಯಾಳಿಗಿಂತಾ ತುಟ್ಟಿ ಅಲ್ಲಾ? ಅದಕ್ಕ ಎರಡು ಸಲ ಹಚ್ಚೀನಿ!"

ಕೀಲಿಗಳ ಸಂದಿಯಲ್ಲಿ ಬೂದಿ. ಅದರ ಚೀಲವೆಲ್ಲಿ? ಅದರಲ್ಲಿ ಶೇಂಗಾ ತುಂಬಿತ್ತು! ಸಾಲದ್ದಕ್ಕೆ ಆಗಾಗ ಮಾಳಿಗೆಗೆ ಒಯ್ದು, ಹಪ್ಪಳದ ಪಕ್ಕ ಬಿಸಿಲಿಗೆ ಬೇರೆ ಇಟ್ಟಿದ್ದರಂತೆ.

"ಮುಟ್ಟಬ್ಯಾಡ್ರಿ ಅಂದಿದ್ನೋ ಇಲ್ಲೋ? ಅಪ್ಪನ ಧ್ವನಿ ಹೋಗಿದ್ರ ಎಲ್ಲಿಂದ ತಂದುಕೊಡ್ತೀರಿ? ಬಿಸಿಲಿಗ್ಯಾಕ ಒಯ್ದ್ರಿ?"

ನಾನು ಕೂಗಿದ ರಭಸಕ್ಕೆ ನೆರೆಮನೆಯ ಮರಾಠಿ ಹೆಂಗಸು ಬಾಗಿಲಿಗೇ ಬಂದು "ಕಾಯ್ ಝಾಲಂ?" ಎಂದು, ಏನಾಯಿತೆಂದು ವಿಚಾರಿಸಿದರು. ಅತ್ತೆ ಅವರ ಕಡೆ ನೋಡಲೇ ಇಲ್ಲ.

"ಅಣ್ಣ ಅದರಾಗ ಮಾತಾಡ್ಯಾನ ಅಂದಿದ್ದಿ," ಎಂದರು ಮೆಲ್ಲಗೆ. "ಅಷ್ಟು ದಿನಾ ಕತ್ತಲಾಗ ಹೆಂಗ ಇಡ್ಲೋ?"

ನನ್ನ ಸಿಟ್ಟು ಇಳಿಯಲಿಲ್ಲ. ಲ್ಯಾಪ್‌ಟಾಪನ್ನು ಒರೆಸಿ, ಬೂದಿ ಊದಿ, ತಂತಿ ಚುಚ್ಚಿ, ಉಸಿರು ಹಿಡಿದು ಗುಂಡಿ ಒತ್ತಿದೆ. ತೆರೆ ಬೆಳಗಿತು. ಕೈಗೆ ಸಿಕ್ಕ ಕತೆಯೊಂದನ್ನು ಹಚ್ಚಿದೆ.

"ನನ್ನ ತಂಗಿ ಭಾಳ ಸಾಚಾ ಅಂತಿದ್ರು ಎಲ್ಲಾರು," ಎಂದರು ಅಪ್ಪ. "ಬೆಲ್ಲ ಕದ್ದು ತಿಂದಾಕಿ ಅಕಿ, ಹೊಡ್ತ ತಿಂದಾವ ನಾನು."

ಅತ್ತೆ ದಿಗ್ಗನೆ ಎದ್ದುಬಿಟ್ಟರು. "ಸುಳ್ಳ ಹೇಳಬ್ಯಾಡ ಅಣ್ಣಾ! ಅರ್ಧಾ ನೀನ ತಿಂದಿದ್ದಿ!"

ಅಪ್ಪ ಆಗಲೇ ಮುಂದಿನ ಮಾತಿಗೆ ಹೊರಟಿದ್ದರು. ನಾನು ಗುಂಡಿ ಒತ್ತಿ ಅವರನ್ನು ನಿಲ್ಲಿಸಿದೆ. ಅತ್ತೆಯ ಮಾತು ಇನ್ನೂ ಮುಗಿದಿರಲಿಲ್ಲ.