ವಿರಾರ್ ಫಾಸ್ಟ್ ಮತ್ತು ಅಪ್ಪನ ಕಿವಿ

ನಮ್ಮ ಮನೆಯಲ್ಲಿ ಶಬ್ದದ ತಾಪತ್ರಯ ತಿಂಗಳಿಗೊಂದಾದರೂ ಆಗ್ತಾನೇ ಇರ್ತದೆ. ನಾನು ಇದನ್ನು ಯಾರಿಗೂ ಹೇಳಿದವಳಲ್ಲ. ಹೇಳಿದರೂ ಕೇಳಿಸೋದಿಲ್ಲ, ನನ್ನ ಸ್ವರ ಅಷ್ಟು ಸಣ್ಣ ಅಂತ ಅಪ್ಪನ ದೂರು. ಅದಕ್ಕೇ ಬರೀತಿದ್ದೇನೆ.

೧. ಅರ್ಧ ಮಾತು

ಮುಂಬೈಯ ಕಾಂದಿವಲಿಯಲ್ಲಿ ನಮ್ಮ ಬಿಲ್ಡಿಂಗ್ ಹಳಿಗೆ ಅಂಟಿಕೊಂಡೇ ಉಂಟು. ವಿರಾರ್ ಫಾಸ್ಟ್ ಲೋಕಲ್ ರೈಲು ಬಂದರೆ ನಾವೆಲ್ಲ ಮಾತು ಅಲ್ಲೇ ನಿಲ್ಲಿಸಿ, ಅದು ದಾಟಿದ ಮೇಲೆ ಬಿಟ್ಟಲ್ಲಿಂದ ಮುಂದುವರಿಸ್ತೇವೆ. ಚಿಕ್ಕಮ್ಮನ ಮದುವೆ ಮಾತುಕತೆಗೆ ಬಂದವರಿಗೆ ಈ ಪದ್ಧತಿ ಗೊತ್ತಿರಲಿಲ್ಲ. ಹುಡುಗನ ತಾಯಿ, "ನಮ್ಮ ಹುಡುಗ ಒಳ್ಳೆಯವನೇ, ಆದರೆ" ಅನ್ನುವಾಗ ರೈಲು ಬಂತು. ಅವರು ನಿಲ್ಲಿಸದೆ ಕೈ ಆಡಿಸಿ ಹೇಳ್ತಾ ಹೋದರು. ರೈಲು ದಾಟಿದಾಗ, "ಅಷ್ಟೇ, ಬೇರೇನಿಲ್ಲ" ಅಂತ ಮುಗಿಸ್ತಾ ಇದ್ದರು. ಮತ್ತೊಮ್ಮೆ ಕೇಳಲಿಕ್ಕೆ ಎಲ್ಲರಿಗೂ ಸಂಕೋಚ. ಮದುವೆ ಆಯ್ತು. ಆ 'ಆದರೆ'ಯ ಮುಂದೆ ಏನಿತ್ತು ಅಂತ ಚಿಕ್ಕಮ್ಮ ಈಗ ಕಂತು ಕಂತಾಗಿ ತಿಳ್ಕೊಳ್ತಿದ್ದಾರೆ.

೨. ಮೆಗಾಬ್ಲಾಕ್

ಮೇಲಿನ ಮನೆಯ ಅಂಕಲ್ ಬಿಲ್ಡಿಂಗಿನ ಸೊಸೈಟಿ ಸೆಕ್ರೆಟರಿಯನ್ನು ದಿನಾ ಬೈಯೋದು ರೈಲಿನ ಸದ್ದಿನೊಳಗೆ. ಟೈಮ್ ನೋಡಿ ಬಾಲ್ಕನಿಗೆ ಬಂದು, ಮನಸ್ಸು ಹಗುರ ಮಾಡ್ಕೊಂಡು ಒಳಗೆ ಹೋಗ್ತಾರೆ. ಒಂದು ಭಾನುವಾರ ಹಳಿ ರಿಪೇರಿಯ ಮೆಗಾಬ್ಲಾಕ್. ರೈಲೇ ಇಲ್ಲ. ಅಂಕಲ್‌ಗೆ ನೆನಪಿರಲಿಲ್ಲ. ಗಡಿಯಾರ ನೋಡಿ, ಬಾಲ್ಕನಿಗೆ ಬಂದು, ಪೂರ್ತಿ ಗಂಟಲಲ್ಲಿ ಶುರು ಮಾಡಿದರು. ಕೆಳಗೆ ಸೆಕ್ರೆಟರಿ ಸ್ಕೂಟರ್ ಒರೆಸ್ತಾ ಇದ್ದರು. ಸಂಜೆ ಬೋರ್ಡಿನಲ್ಲಿ ನೋಟಿಸ್ ಬಿತ್ತು: ಮೆಗಾಬ್ಲಾಕ್ ದಿನ ಸದಸ್ಯರು ಅಭಿಪ್ರಾಯ ವ್ಯಕ್ತಪಡಿಸಬಾರದು.

೩. ಕಿವಿಯ ಪಾಠ

ಅಪ್ಪ ದಾದರ್‌ನ ಒಂದು ಉಡುಪಿ ಹೋಟೆಲಿನಲ್ಲಿ ಇಪ್ಪತ್ತೈದು ವರ್ಷದಿಂದ ಸಪ್ಲೈಯರ್. ಕರೆದರೆ ಕೇಳಿಸೋದಿಲ್ಲ ಅಂತ ಸೇಠ್‌ಗೆ ಸಂಶಯ. ಕಿವಿ ಟೆಸ್ಟ್ ಮಾಡಿಸು, ಇಲ್ಲದಿದ್ದರೆ ಹಾಲ್ ಬಿಟ್ಟು ಹಿಟ್ಟು ರುಬ್ಬುವ ಗ್ರೈಂಡಿಂಗ್ ರೂಮಿಗೆ ಹೋಗು ಅಂದರು. ಗಿರಾಕಿಗಳ ಮುಖ ನೋಡದೆ ಅಪ್ಪನಿಗೆ ದಿನ ಹೋಗೋದಿಲ್ಲ. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಕಿವಿಗೆ ಶಬ್ದ ಹೇಗೆ ಕೇಳಿಸ್ತದೆ ಅಂತ ನಾನು ವಿಜ್ಞಾನದ ಪುಸ್ತಕ ತಂದು ಅಪ್ಪನಿಗೆ ವಿವರಿಸಿದೆ. ಲೋಕಲ್‌ನ ಬಾಗಿಲಲ್ಲಿ ಒಬ್ಬ ತಳ್ಳಿದರೆ ಯಾರೂ ಜಾಗ ಬಿಡೋದಿಲ್ಲ, ಆದರೆ ಆ ತಳ್ಳು ಒಬ್ಬರಿಂದ ಒಬ್ಬರಿಗೆ ದಾಟಿ ಕಿಟಕಿಯವನಿಗೆ ಮುಟ್ತದಲ್ಲ, ಗಾಳಿಯಲ್ಲಿ ಶಬ್ದವೂ ಹಾಗೆ. ಕೊನೆಗೆ ಕಿವಿಯೊಳಗಿನ ತೆಳು ಪರದೆಗೆ ತಳ್ಳು ಬೀಳ್ತದೆ, ಅಲ್ಲಿಂದ ಮೂರು ಚಿಕ್ಕ ಎಲುಬು, ಆಮೇಲೆ ನರ, ಮೆದುಳು.

ಅಪ್ಪ ಕೊನೆವರೆಗೂ ತಲೆ ಆಡಿಸಿದರು. ಆಮೇಲೆ, "ನನ್ನ ಕಿವಿ ಸರಿ ಉಂಟು ಮಗಾ, ನೀನು ಸ್ವಲ್ಪ ದೊಡ್ಡದಾಗಿ ಹೇಳಬೇಕಿತ್ತು" ಅಂದರು.

೪. ಗಾಜಿನ ರೂಮು

ಆಸ್ಪತ್ರೆಯಲ್ಲಿ ಟೆಸ್ಟಿಗೆ ಅಪ್ಪನನ್ನು ಗಾಜಿನ ಕಿಟಕಿಯ ಸಣ್ಣ ರೂಮಿನಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದರು. ಬೀಪ್ ಕೇಳಿದ ಕೂಡಲೇ ಬೆರಳು ಎತ್ತಬೇಕು. ಹೊರಗೆ ಟೆಸ್ಟ್ ಮಾಡುವ ಮೇಡಂ ಬಟನ್ ಒತ್ತಿದರು, ಅಪ್ಪ ಬೆರಳೆತ್ತಿದರು. ಶಬ್ದ ತಗ್ಗಿಸಿದರು, ಎತ್ತಿದರು. ಇನ್ನೂ ತಗ್ಗಿಸಿದರು, ಎತ್ತಿದರು. ಇಷ್ಟು ಸೂಕ್ಷ್ಮ ಕಿವಿ ಮಕ್ಕಳಿಗೂ ಇರೋದಿಲ್ಲ ಅಂತ ಮೇಡಂ ಹಿಂದಿಯಲ್ಲಿ ನನಗೆ ಹೇಳಿದರು. ನನಗೆ ಖುಷಿ, ಗ್ರೈಂಡಿಂಗ್ ರೂಮು ತಪ್ಪಿತು ಅಂತ.

ಆಮೇಲೆ ಮೇಡಂ ಮಷೀನ್ ಪೂರ್ತಿ ಬಂದ್ ಮಾಡಿ, ಬರೀ ಬಟನ್ ಒತ್ತಿದರು. ಅಪ್ಪ ಬೆರಳೆತ್ತಿದರು.

ಅವರ ಕಣ್ಣೆಲ್ಲ ಮೇಡಂ ಕೈಯ ಮೇಲೆ. ಮೇಡಂ ಮಷೀನ್ ಆನ್ ಮಾಡಿ, ಬೆನ್ನು ತಿರುಗಿಸಿ ಮತ್ತೆ ಟೆಸ್ಟ್ ಮಾಡಿದರು. ಅಪ್ಪನ ಬೆರಳು ಏಳಲೇ ಇಲ್ಲ. ಅಪ್ಪ ಹೊರಗೆ ಬಂದು ನನ್ನ ಹತ್ತಿರ ಸಿಟ್ಟಿನಲ್ಲಿ ಹೇಳಿದರು: "ಗಿರಾಕಿ ಬೆನ್ನು ತಿರುಗಿಸಿ ಕೂತರೆ ಆರ್ಡರ್ ತಗೊಳ್ಳೋದು ಹೇಗೆ?"

ಅಪ್ಪನ ಕಿವಿಗೆ ಕೇಳಿಸುವ ಮಷೀನ್ ಬಂತು. ಸೇಠ್ ಹಿಂದಿನಿಂದ ಮೆಲ್ಲ ಕರೆದು ನೋಡಿದರು, ಅಪ್ಪ ತಿರುಗಿದರು, ಹಾಲ್ ಉಳಿಯಿತು. ಅವತ್ತು ಸಂಜೆ ಅಪ್ಪ ಮನೆಗೆ ಬಂದಾಗ ನಾನು ಯಾವಾಗಿನ ಹಾಗೆ, ಯಾವಾಗಿನ ಸ್ವರದಲ್ಲೇ, ಚಾ ಮಾಡ್ಲಾ ಅಪ್ಪ ಅಂತ ಕೇಳಿದೆ.

ಅಪ್ಪ ಎರಡೂ ಕಿವಿ ಮುಚ್ಚಿಕೊಂಡರು. "ಹೆಣ್ಣುಮಗು ಇಷ್ಟು ಜೋರು ಕಿರುಚಬಾರದು ಮಗಾ."